ಸೇರಿಸಿದವನ ಪಾಲು

"ಗುರುಗಳೇ, ನಾನು ವ್ಯಾಪಾರಕ್ಕೆ ಸೇರಿಸಿದವರು ಒಬ್ಬೊಬ್ಬರಾಗಿ ಬಿಟ್ಟು ಹೋಗುತ್ತಿದ್ದಾರೆ. ದಾರಿ ತೋರಿಸಿದವನು ನಾನು, ನಿಜ. ಆದರೆ ನಡೆಯಬೇಕಾದವರು ಅವರು. ಅವರು ಸೋತರೆ ಅದರಲ್ಲಿ ನನ್ನ ತಪ್ಪೇನು?" ಎಂದು ಶಿಷ್ಯ ಕೇಳಿದ.

ಅವನು ನೆಟ್‌ವರ್ಕ್ ಮಾರ್ಕೆಟಿಂಗ್ ಮಾಡುತ್ತಿದ್ದ. ತಾನು ಸೇರಿಸಿದವರು ಏನು ಮಾರಿದರೂ ಅದರಲ್ಲಿ ಅವನಿಗೊಂದು ಪಾಲು ಬರುತ್ತಿತ್ತು.

ಗುರುಗಳ ಮುಖ ಬಿಗಿದುಕೊಂಡಿತು. "ಈ ಪ್ರಶ್ನೆಯನ್ನು ನೀನು ಸಮಾಧಾನವಾಗಿ ಕೇಳುತ್ತಿದ್ದೀಯ. ನನಗೆ ಅಷ್ಟು ಸಮಾಧಾನವಾಗಿ ಉತ್ತರ ಹೇಳಲು ಆಗುವುದಿಲ್ಲ. ಕೂತು ಕೇಳು" ಎಂದು ಅವರು ಹೇಳತೊಡಗಿದರು.

ಒಂದು ಊರಿನಲ್ಲಿ ದಾಕ್ಷಾಯಣಿ ಎಂಬ ಹೆಂಗಸಿದ್ದಳು. ಮನೆಯಲ್ಲೇ ರವಿಕೆ ಹೊಲಿಯುತ್ತಿದ್ದಳು. ಅಳತೆ ಕೊಡಲು ಬಂದ ಹೆಂಗಸರು ಅವಳ ಬಳಿ ಮನೆಯ ಸುಖದುಃಖವನ್ನೂ ಹೇಳಿಕೊಂಡು ಹೋಗುತ್ತಿದ್ದರು. ಒಬ್ಬರ ಮಾತನ್ನು ಅವಳು ಇನ್ನೊಬ್ಬರ ಕಿವಿಗೆ ದಾಟಿಸಿದವಳಲ್ಲ. ಹಾಗಾಗಿ ಆ ಬೀದಿಯಲ್ಲಿ ಅವಳ ಮಾತಿಗೆ ಬೆಲೆಯಿತ್ತು.

ಆ ಬೆಲೆ ಒಬ್ಬನ ಕಣ್ಣಿಗೆ ಬಿತ್ತು. ಅವನ ಹೆಸರು ವಾಗೀಶ. ಅವಳ ಗಂಡನ ಕಡೆಯ ನೆಂಟ. ಸೋಪು, ಬಟ್ಟೆ ಒಗೆಯುವ ಪುಡಿ, ಗಿಡಮೂಲಿಕೆಯ ಪುಡಿ ಮಾರುವ ಒಂದು ಕಂಪನಿಯಲ್ಲಿ ಅವನಿದ್ದ. ಅವಳನ್ನೂ ಸೇರು ಎಂದ.

"ನನಗೆ ಮಾರಾಟ ಗೊತ್ತಿಲ್ಲಪ್ಪ. ಜನರ ಮುಂದೆ ಏನು ಹೇಳಬೇಕೋ ತಿಳಿಯೋದಿಲ್ಲ" ಎಂದಳು ಅವಳು.

"ನಾನಿದೀನಲ್ಲ ಅತ್ತಿಗೆ. ಮೊದಮೊದಲು ಎಲ್ಲ ಮನೆಗೂ ನಾನೇ ಜೊತೆಗೆ ಬರ್ತೀನಿ" ಎಂದ ವಾಗೀಶ.

ಅವಳು ಸೇರಿದ್ದು ಆ ಮಾತಿಗೆ. ಕಂಪನಿಯ ಹೆಸರು ಕೂಡ ಅವಳಿಗೆ ಸರಿಯಾಗಿ ಬಾಯಿಗೆ ಬರುತ್ತಿರಲಿಲ್ಲ.

ಸೇರಿದ ದಿನ ಸಭೆಯಲ್ಲಿ ಅವಳಿಗೆ ಹಾರ ಹಾಕಿದರು. ಅವಳ ಹೆಸರು ಕೂಗಿ ಚಪ್ಪಾಳೆ ತಟ್ಟಿದರು. ವೇದಿಕೆಯ ಮೇಲೆ ಯಾರೋ ಒಬ್ಬರು, ಈ ಗಿಡಮೂಲಿಕೆಯ ಪುಡಿ ತಿಂದರೆ ಸಕ್ಕರೆ ಕಾಯಿಲೆಯವರಿಗೆ ಮಾತ್ರೆಯೇ ಬೇಡ ಎಂದರು. ಅವಳು ಅದನ್ನು ನಂಬಿದಳು. ಪಕ್ಕದಲ್ಲೇ ಕುಳಿತಿದ್ದ ವಾಗೀಶನಿಗೆ ಅದು ಸುಳ್ಳೆಂದು ಗೊತ್ತಿತ್ತು. ಅವನು ಬಾಯಿ ಬಿಡಲಿಲ್ಲ.

ಮರುದಿನ ಸರಕು ಮನೆಗೆ ಬಂತು. ವಾಗೀಶ ಬರಲಿಲ್ಲ. ಫೋನು ಮಾಡಿದರೆ, ಇನ್ನೊಂದು ಊರಿನಲ್ಲಿ ಹೊಸಬರನ್ನು ಸೇರಿಸುತ್ತಿದ್ದೇನೆ ಎಂದ. ಮತ್ತೆ ಮಾಡಿದರೆ ಎತ್ತಲಿಲ್ಲ. ಅವಳು ಒಬ್ಬಳೇ ಚೀಲ ಹಿಡಿದು ಹೊರಟಳು. ಸಭೆಯಲ್ಲಿ ಕೇಳಿದ್ದನ್ನೇ ಮನೆಮನೆಯಲ್ಲಿ ಹೇಳಿದಳು. ಬೇರೆ ಏನು ಹೇಳಬೇಕೆಂದು ಅವಳಿಗೆ ಯಾರು ಕಲಿಸಿದ್ದರು?

ಎದುರು ಮನೆಯಲ್ಲಿ ಸರ್ವಮಂಗಳಮ್ಮ ಎಂಬ ಮುದುಕಿಯಿದ್ದರು. ದಾಕ್ಷಾಯಣಿಯ ಬಾಣಂತನಕ್ಕೆ ನೀರು ಕಾಯಿಸಿ ಕೊಟ್ಟವರು. ಅವರಿಗೆ ಸಕ್ಕರೆ ಕಾಯಿಲೆ. ದಾಕ್ಷಾಯಣಿ ಹೇಳಿದಳೆಂದು ಪುಡಿ ಕೊಂಡರು. ಅವಳು ಹೇಳಿದಳೆಂದೇ ಮಾತ್ರೆ ಬಿಟ್ಟರು. ಕೆಲವು ತಿಂಗಳಲ್ಲಿ ಕಾಲಿನಲ್ಲಿ ಹುಣ್ಣೆದ್ದು ಕೊಳೆಯಿತು. ಆಸ್ಪತ್ರೆಗೆ ಸೇರಿಸಿದರು. ಜೀವ ಉಳಿಯಿತು. ಒಂದು ಬೆರಳನ್ನು ತೆಗೆಯಬೇಕಾಯಿತು.

ದಾಕ್ಷಾಯಣಿ ಆಸ್ಪತ್ರೆಗೆ ಓಡಿದಳು. ಮುದುಕಿಯ ಮಗಳು ಅವಳನ್ನು ಬಾಗಿಲಲ್ಲೇ ತಡೆದಳು. "ನಮ್ಮಮ್ಮ ಆ ಪುಡಿಯನ್ನು ನಂಬಿರಲಿಲ್ಲ ದಾಕ್ಷಾಯಣಕ್ಕ. ನಿಮ್ಮನ್ನು ನಂಬಿದ್ದರು" ಎಂದಳು.

ಅಲ್ಲೇ ಹೊರಗಿನ ಜಗಲಿಯಲ್ಲಿ ನಿಂತು ಅವಳು ವಾಗೀಶನಿಗೆ ಫೋನು ಮಾಡಿದಳು. ಆ ದಿನ ಅವನು ಎತ್ತಿದ. ಎಲ್ಲ ಕೇಳಿಸಿಕೊಂಡ.

"ನೀವು ಸರಿಯಾಗಿ ವಿವರಿಸಿಲ್ಲ ಅತ್ತಿಗೆ. ಅದಕ್ಕೆ ನಾನೇನು ಮಾಡಲಿ? ನಮ್ಮ ವಾಟ್ಸಾಪ್ ಗ್ರೂಪಿನಲ್ಲಿ ಮಾತ್ರ ಇದನ್ನೆಲ್ಲ ಹಾಕಬೇಡಿ. ಬೇರೆಯವರ ಉತ್ಸಾಹ ಹಾಳಾಗುತ್ತೆ" ಎಂದ. ಸಂಜೆಯೊಳಗೆ ಅವಳನ್ನು ಗ್ರೂಪಿನಿಂದ ತೆಗೆದುಹಾಕಿದ.

ಇಷ್ಟು ಹೇಳಿ ಗುರುಗಳು ಕತೆ ನಿಲ್ಲಿಸಿದರು. ಅವರ ದನಿ ಏರಿತ್ತು. "ಕೇಳಿದೆಯಾ? ಒಬ್ಬ ಮುದುಕಿಯ ಬೆರಳು ಹೋಗಿದೆ. ಒಬ್ಬ ಹೆಂಗಸಿನ ಮರ್ಯಾದೆ ಬೀದಿಗೆ ಬಿದ್ದಿದೆ. ಅವನಿಗೆ ಉತ್ಸಾಹದ ಚಿಂತೆ! ಈಜು ಬಾರದವಳನ್ನು ಕೈಹಿಡಿದು ಹೊಳೆಗೆ ಇಳಿಸಿದವನು, ದಡದ ಮೇಲೆ ನಿಂತು ನಿನಗೆ ಈಜು ಬರುವುದಿಲ್ಲ ಎಂದು ಬೈದಂತೆ."

ಗುರುಗಳು ಮುಂದುವರಿಸಿದರು.

ಬೀದಿಯ ಹೆಂಗಸರು ರವಿಕೆ ಹೊಲಿಸಲು ಬರುವುದನ್ನು ನಿಲ್ಲಿಸಿದರು. ದಾಕ್ಷಾಯಣಿ ಮನೆಯಿಂದ ಹೊರಗೆ ಬರುವುದನ್ನು ನಿಲ್ಲಿಸಿದಳು. ಕಡೆಗೆ, ಉಳಿದ ಪುಡಿಯ ಡಬ್ಬಿಗಳನ್ನು ವಾಗೀಶನ ಎದುರು ಇಟ್ಟು ಬರೋಣವೆಂದು ಮುಂದಿನ ಸಭೆಗೆ ಹೋದಳು. ಅಲ್ಲಿ ವೇದಿಕೆಯ ಮೇಲೆ ಅವನಿಗೆ ಶಾಲು ಹೊದಿಸುತ್ತಿದ್ದರು. ಆ ವರ್ಷದ ಉತ್ತಮ ಮಾರ್ಗದರ್ಶಕ ಅವನಂತೆ.

ಅವಳು ಬಾಗಿಲಲ್ಲೇ ಕುಸಿದು ಕುಳಿತಳು. ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದರು.

ಹಿಂದಿನ ಸಾಲಿನಿಂದ ಒಬ್ಬ ಹೆಂಗಸು ಎದ್ದು ಬಂದಳು. ಹೆಸರು ಶಕೀಲಾಬಾನು. ಅದೇ ಕಂಪನಿಯಲ್ಲಿ ಬಹುಕಾಲದಿಂದ ಇದ್ದವಳು. ಆದರೆ ವಾಗೀಶನ ಕಡೆಯವಳಲ್ಲ, ಬೇರೆಯವರು ಸೇರಿಸಿದವಳು. ದಾಕ್ಷಾಯಣಿ ಮಾರಿದರೂ ಬಿಟ್ಟರೂ ಅವಳಿಗೆ ಬರುವುದು ಏನೂ ಇಲ್ಲ. ಪಕ್ಕದಲ್ಲಿ ಕುಳಿತು ವಿಷಯ ಕೇಳಿದಳು.

"ಡಬ್ಬಿ ಆಮೇಲೆ ಕೊಡೋಣ. ಮೊದಲು ಆ ಅಮ್ಮನ ಮನೆಗೆ ಹೋಗೋಣ ನಡಿ" ಎಂದಳು.

"ಬಾಗಿಲು ಹಾಕಿಕೊಂಡರೆ?"

"ಹಾಕಿಕೊಳ್ಳಲಿ. ಇಬ್ಬರೂ ಹೊರಗೆ ನಿಲ್ಲೋಣ."

ಬಾಗಿಲು ಹಾಕಿಕೊಳ್ಳಲಿಲ್ಲ. ಒಳಗೆ ಬನ್ನಿ ಎಂದೂ ಮಗಳು ಹೇಳಲಿಲ್ಲ. ಸರ್ವಮಂಗಳಮ್ಮ ಪಟ್ಟಿ ಕಟ್ಟಿದ ಕಾಲು ಚಾಚಿ ಕುಳಿತಿದ್ದರು. ದಾಕ್ಷಾಯಣಿ ತಾನೇ ಒಳಗೆ ಹೋಗಿ ಅವರೆದುರು ನೆಲದ ಮೇಲೆ ಕುಳಿತಳು. "ಅಮ್ಮ, ಅದು ಔಷಧಿಯಲ್ಲ. ನನಗೇ ಗೊತ್ತಿಲ್ಲದ್ದನ್ನು ಗೊತ್ತಿದ್ದವಳ ಹಾಗೆ ನಿಮಗೆ ಹೇಳಿದೆ" ಎಂದಳು. ವಾಗೀಶನ ಹೆಸರನ್ನು ಎತ್ತಲಿಲ್ಲ.

"ಈ ಮಾತು ಹೇಳೋದಕ್ಕೆ ಇಷ್ಟು ದಿನ ಬೇಕಾಯಿತೇನೇ ನಿನಗೆ?" ಎಂದರು ಮುದುಕಿ. ಆಮೇಲೆ ಮಗಳ ಕಡೆ ತಿರುಗಿ, "ಇಬ್ಬರಿಗೂ ಕುಡಿಯೋಕೆ ಏನಾದರೂ ಕೊಡು" ಎಂದರು.

ಅಲ್ಲಿಂದ ಅವರಿಬ್ಬರೂ ಪುಡಿ ಕೊಂಡಿದ್ದ ಪ್ರತಿ ಮನೆಗೂ ಹೋದರು. ಮಾತ್ರೆ ಬಿಡಬೇಡಿ ಎಂದು ಹೇಳಿ ಡಬ್ಬಿ ವಾಪಸು ಪಡೆದರು. ಕೆಲವರು ಬೈದರು. ಬೈಗಳನ್ನು ಶಕೀಲಾಬಾನುವೂ ಜೊತೆಗೆ ನಿಂತು ಕೇಳಿದಳು.

ನಂತರ ಶಕೀಲಾಬಾನು ಅವಳಿಗೆ ಮಾರುವುದನ್ನು ಕಲಿಸಿದಳು. ಸೋಪನ್ನು ಸೋಪು ಎಂದಷ್ಟೇ ಹೇಳು. ಕಾಯಿಲೆಯ ಮಾತೆತ್ತಬೇಡ. ಬೇಡ ಎಂದವರನ್ನು ಒತ್ತಾಯ ಮಾಡಬೇಡ. ನೆಂಟರು ದಾಕ್ಷಿಣ್ಯಕ್ಕೆ ಕೊಳ್ಳುತ್ತಿದ್ದಾರೆ ಎನಿಸಿದರೆ ಚೀಲ ಮುಚ್ಚಿಬಿಡು. ಮನೆಗಳಲ್ಲಿ ಮೊದಲು ಅವಳೇ ಮಾತಾಡಿದಳು, ದಾಕ್ಷಾಯಣಿ ಕೇಳಿಸಿಕೊಂಡಳು. ಆಮೇಲೆ ದಾಕ್ಷಾಯಣಿ ಮಾತಾಡಿದಳು, ಅವಳು ಸುಮ್ಮನೆ ಪಕ್ಕದಲ್ಲಿ ಕುಳಿತಳು. ಒಂದು ದಿನ, ಇನ್ನು ನಾನು ಬೇಕಾಗಿಲ್ಲ ಎಂದು ಹೇಳಿ ತನ್ನ ಊರಿಗೆ ಹೋದಳು.

ದಾಕ್ಷಾಯಣಿ ಶ್ರೀಮಂತಳಾಗಲಿಲ್ಲ. ಕೆಲವು ಮನೆಗಳಿಗೆ ಸೋಪು, ಬಟ್ಟೆ ಪುಡಿ ಕೊಡುತ್ತಾಳೆ. ರವಿಕೆ ಹೊಲಿಸುವವರು ಮತ್ತೆ ಬರುತ್ತಿದ್ದಾರೆ. ತಾನೂ ಒಬ್ಬಳನ್ನು ಈ ವ್ಯಾಪಾರಕ್ಕೆ ಸೇರಿಸಿದ್ದಾಳೆ, ಒಬ್ಬಳನ್ನೇ. ಅವಳು ಚೀಲ ಹಿಡಿದು ಹೊರಟ ಮೊದಲ ದಿನ, ಅವಳು ಬೇಡವೆಂದರೂ, ದಾಕ್ಷಾಯಣಿ ಹೊಲಿಗೆ ಮಷೀನಿಗೆ ಬಟ್ಟೆ ಮುಚ್ಚಿ ಜೊತೆಗೆ ಹೊರಟಳು.

ಗುರುಗಳು ಕತೆ ಮುಗಿಸಿದರು. "ದಾಕ್ಷಾಯಣಿ ಇವತ್ತು ಮಾರುವ ಒಂದೊಂದು ಸೋಪಿನ ಪಾಲೂ ಯಾರಿಗೆ ಹೋಗುತ್ತದೆ ಗೊತ್ತೇ? ವಾಗೀಶನಿಗೆ. ಶಕೀಲಾಬಾನುವಿಗಲ್ಲ."

ಶಿಷ್ಯ ತಡವರಿಸಿದ. "ಗುರುಗಳೇ, ಸೇರಿಸಿದವನು ಅವನೇ ಅಲ್ಲವೇ? ನಿಯಮದಂತೆ ಅದು ಅವನಿಗೇ ಬರಬೇಕಲ್ಲವೇ?"

"ಬರಬೇಕು. ಬರುತ್ತಿದೆ. ಈಗ ನೀನು ಹೇಳು, ನಿನಗೆ ಪಾಲು ತಂದುಕೊಡುವವರಲ್ಲಿ ಯಾರ ಜೊತೆ ನೀನು ಒಂದು ಬಾಗಿಲ ಮುಂದೆಯಾದರೂ ನಿಂತಿದ್ದೀಯ?"