ಬಿಸಿಲಿಗೆ ಕೋಳಿ ಬಾಯಿ ಬಿಡುವುದೇಕೆ

ಲೋಕ ಆಗಿನ್ನೂ ಹೊಸದು. ಸೂರ್ಯನೂ ಹೊಸಬ. ಎಷ್ಟು ಉರಿಯಬೇಕು, ಎಲ್ಲಿಗೆ ನಿಲ್ಲಿಸಬೇಕು ಎನ್ನುವ ಅಂದಾಜು ಅವನಿಗೆ ಸಿಕ್ಕಿರಲಿಲ್ಲ. ಈಗ ಸಿಕ್ಕಿದೆಯಾ ಎಂದು ನನ್ನನ್ನು ಕೇಳಬೇಡ, ಕತೆ ಕೇಳು.

ಆಗ ಕೋಳಿಗಳಿಗೆ ಮಾತು ಬರುತ್ತಿತ್ತು. ಹೊಳೆ ಮಾತಾಡುತ್ತಿತ್ತು, ಗಾಳಿ ಮಾತಾಡುತ್ತಿತ್ತು, ಕೋಳಿಯಂತೂ ಬೆಳಗಿನಿಂದ ಸಂಜೆಯವರೆಗೆ ಬಾಯಿ ಮುಚ್ಚುತ್ತಲೇ ಇರಲಿಲ್ಲ.

ಕಪ್ಪು ಮಣ್ಣಿನ ಬಯಲಿನಲ್ಲಿ, ಹೊಳೆಯಿಂದ ಕೂಗಳತೆ ದೂರದಲ್ಲಿ, ಹಂಪವ್ವ ಎಂಬ ಹೆಂಗಸು ಇದ್ದಳು. ಅವಳ ಅಂಗಳದಲ್ಲಿ ನಾಲ್ಕು ಕೋಳಿ. ಕೆಂಪಿ, ಚುಕ್ಕಿ, ಕರಿಯವ್ವ, ಬೂದಿ. ನಾಲ್ವರೂ ಒಂದೇ ತಾಯಿಯ ಮಕ್ಕಳು. ಹಂಪವ್ವನಿಗೆ ಇದ್ದದ್ದು ಒಂದೇ ಆಸೆ, ಅಂಗಳದ ತುಂಬ ಮರಿಗಳು ಓಡಾಡಬೇಕು. ಅವಳು ಕೆಟ್ಟವಳಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಕೆಟ್ಟವಳಾಗಿದ್ದರೆ ಈ ಕತೆ ಹೇಳುವುದು ನನಗೆ ಇಷ್ಟು ಕಷ್ಟವಾಗುತ್ತಿರಲಿಲ್ಲ.

ಮೊದಲ ಬೇಸಿಗೆ ಬಂತು. ಒಂದು ಮಧ್ಯಾಹ್ನ ಕೆಂಪಿ ಕೆದಕುವುದನ್ನು ಬಿಟ್ಟಳು. ಕಾಳು ಹಾಕಿದರೆ ಮುಟ್ಟಲಿಲ್ಲ.

"ಯವ್ವಾ, ಕಾವು! ಭಾಳ ಕಾವು!" ಎಂದಳು.

ಹಂಪವ್ವನ ಮುಖ ಅರಳಿತು. ಮೈ ಸುಡುವುದಕ್ಕೂ ನಾವು ಕಾವು ಎನ್ನುತ್ತೇವೆ, ಕೋಳಿ ಮೊಟ್ಟೆಯ ಮೇಲೆ ಕೂರುವುದಕ್ಕೂ ಕಾವು ಎನ್ನುತ್ತೇವೆ. ಎರಡಕ್ಕೂ ಒಂದೇ ಮಾತು.

"ಕಾವು ಬಂತೇನ ನನ್ನವ್ವಾ? ಬಾ, ತತ್ತಿ ಇಡತೀನಿ" ಎಂದಳು ಹಂಪವ್ವ.

ಮೂಲೆಯಲ್ಲಿ ಹುಲ್ಲು ಹಾಸಿ, ಮೊಟ್ಟೆ ಇಟ್ಟು, ಕೆಂಪಿಯನ್ನು ಅದರ ಮೇಲೆ ಕೂರಿಸಿದಳು. ದೊಡ್ಡ ಬುಟ್ಟಿ ಮುಚ್ಚಿದಳು. ಗಾಳಿ ತಾಗಬಾರದು ಎಂದು ಮೇಲೊಂದು ಕಂಬಳಿಯನ್ನೂ ಹೊದಿಸಿದಳು.

"ಯವ್ವಾ, ಕಾವು... ಕಾವು..." ಎಂದಳು ಕೆಂಪಿ ಒಳಗಿನಿಂದ.

"ಹೂಂ, ಕೊಡು. ಚಂದಾಗಿ ಕಾವು ಕೊಡು" ಎಂದಳು ಹಂಪವ್ವ ಹೊರಗಿನಿಂದ.

ಸಂಜೆ ಬುಟ್ಟಿ ಎತ್ತಿದಾಗ ಕೆಂಪಿ ಕತ್ತು ಚಾಚಿ ಸತ್ತು ಬಿದ್ದಿದ್ದಳು.

ಹಂಪವ್ವ ಎದೆ ಬಡಿದುಕೊಂಡು ಅತ್ತಳು. ಯಾರದೋ ಕೆಟ್ಟ ಕಣ್ಣು ತಾಗಿತು ಎಂದುಕೊಂಡು, ಉಳಿದ ಮೂವರಿಗೂ ಉಪ್ಪು ನಿವಾಳಿಸಿ ಒಲೆಗೆ ಹಾಕಿದಳು. ಮರುದಿನ ಚುಕ್ಕಿ "ಕಾವು" ಎಂದಳು. ಅದೇ ಹುಲ್ಲು, ಅದೇ ಬುಟ್ಟಿ. ಅದರ ಮರುದಿನ ಕರಿಯವ್ವ. ಮೂರು ದಿನಕ್ಕೆ ಹಿತ್ತಲಲ್ಲಿ ಮೂರು ಗುಂಡಿಗಳಾದವು.

ಉಳಿದವಳು ಬೂದಿ ಒಬ್ಬಳೇ. ನಾಲ್ಕನೆಯ ದಿನ ಬೆಳಗಿನ ತಂಪು ಇರುವಾಗಲೇ ಅವಳು ಗಾಳಿಯ ಬಳಿ ಓಡಿ, ಈ ಕಾವಿನಿಂದ ಉಳಿಸು ಎಂದು ಬೇಡಿದಳು.

"ಮಧ್ಯಾಹ್ನಾದ್ರ ನನ್ನ ಮೈಯೇ ಸುಡತೈತಿ. ಹೊಳೀನ್ನ ಕೇಳು ಹೋಗು" ಎಂದಿತು ಗಾಳಿ.

ಹೊಳೆ ಬತ್ತಿ, ಮರಳಿನ ನಡುವೆ ಸಣ್ಣಗೆ ಹರಿಯುತ್ತಿತ್ತು.

"ಹೊಳಿಯವ್ವಾ, ಇವತ್ತ ಮಧ್ಯಾಹ್ನ ನನ್ನ ಪಾಳಿ. ಅವ್ವಗ ತಿಳಿಯೂ ಹಂಗ ಒಂದ ಮಾತು ಕೊಡು" ಎಂದಳು ಬೂದಿ.

"ಎಷ್ಟ ಮಾತು ಕೊಟ್ರೂ ಅಷ್ಟ" ಎಂದಿತು ಹೊಳೆ. "ಆಕಿ ಕಿವ್ಯಾಗ ಬರೇ ಮರಿ ಕೂಗತಾವ. ನೀ ಏನಂದ್ರೂ ಆಕಿಗೆ ಅದ ಕೇಳಸತೈತಿ. ನಿನ್ನ ಮಾತು ನನಗ ಕೊಟ್ಟುಬಿಡು. ನನ್ನ ಪದ್ಧತಿ ಕಲಿಸತೀನಿ. ಬಿಸಿಲಿಗೆ ನಾ ಬಾಯಿ ತೆರೀತೀನಿ, ಒಳಗಿನ ಬಿಸಿ ಆವಿಯಾಗಿ ಹೋಗತೈತಿ."

"ಮಾತು ತಿರುಗಿ ಕೊಡತಿಯೇನು?"

"ಇಲ್ಲ. ಹೊಳಿಗೆ ಹಾಕಿದ್ದು ಮುಂದ ಹೋಗತೈತಿ."

ಬೂದಿಗೆ ಮಾತೆಂದರೆ ಪ್ರಾಣ. ಆದರೆ ಪ್ರಾಣಕ್ಕಿಂತ ಹೆಚ್ಚಲ್ಲವಲ್ಲ. ದಡದಲ್ಲಿ ನಿಂತು ಕೆಂಪಿ, ಚುಕ್ಕಿ, ಕರಿಯವ್ವ ಎಂದು ಅಕ್ಕಂದಿರ ಹೆಸರನ್ನು ಒಮ್ಮೆ ಗಟ್ಟಿಯಾಗಿ ಕೂಗಿದಳು. ಆಮೇಲೆ ಮಾತನ್ನೆಲ್ಲ ನೀರಿಗೆ ಹಾಕಿದಳು.

ಮಧ್ಯಾಹ್ನವಾಯಿತು. ಹಂಪವ್ವ ಸೆರಗಿನಲ್ಲಿ ಮೊಟ್ಟೆ, ಕಂಕುಳಲ್ಲಿ ಬುಟ್ಟಿ ಹಿಡಿದು ಬಂದಳು.

"ನಿನಗೂ ಕಾವು ಬಂತೇನ ಬೂದಿ?"

ಬೂದಿ ಕೊಕ್ಕು ತೆರೆದು ನಿಂತಿದ್ದಳು. ರೆಕ್ಕೆಗಳು ಮೈಯಿಂದ ದೂರ ಸರಿದಿದ್ದವು. ಗಂಟಲು ಪಟಪಟ ಮಿಡಿಯುತ್ತಿತ್ತು. ಕೆಂಪು ಜುಟ್ಟು ಬಿಳಿಚಿಕೊಂಡಿತ್ತು.

"ಯಾಕ, ಮಾತಾಡವಲ್ಲಿ?"

ಕೇಳಿಸಿಕೊಳ್ಳಲು ಏನೂ ಇಲ್ಲದಾಗ ಹಂಪವ್ವ ಮೊದಲ ಸಲ ಸರಿಯಾಗಿ ನೋಡಿದಳು. ಬುಟ್ಟಿ ಕೆಳಗಿಟ್ಟು ರೆಕ್ಕೆಯ ಅಡಿ ಕೈ ಇಟ್ಟಳು. ಒಲೆಯ ಮೇಲಿನ ಹಂಚಿನ ಹಾಗೆ ಸುಡುತ್ತಿತ್ತು.

"ಅಯ್ಯ ಶಿವನ! ಈ ಕಾವಾ? ನಾನ ಮುಚ್ಚಿ ಮುಚ್ಚಿ ಕೊಂದೆನಲ್ಲ!"

ಬೂದಿ ಕಾಲು ಮಡಚಿ ಬಿದ್ದಳು. ಅಳುವುದಕ್ಕೆ ಹೊತ್ತಿರಲಿಲ್ಲ. ಹಂಪವ್ವ ಅವಳನ್ನು ಎತ್ತಿಕೊಂಡು ಬೇವಿನ ನೆರಳಿಗೆ, ಗಾಳಿಯಾಡುವ ಕಡೆಗೆ ಓಡಿದಳು. ಅಗಲವಾದ ಪಾತ್ರೆಯಲ್ಲಿ ತಣ್ಣಗಿನ ನೀರು ಹಾಕಿ, ಅವಳನ್ನು ಹಿಡಿದುಕೊಂಡು ಕಾಲು ಮುಳುಗಿಸಿದಳು. ಜುಟ್ಟಿಗೆ, ರೆಕ್ಕೆಯ ಅಡಿಗೆ ಒದ್ದೆ ಕೈ ಸವರಿದಳು. ಗಂಟಲಿಗೆ ಸುರಿಯಲಿಲ್ಲ, ಉಸಿರು ಕಟ್ಟೀತು ಎಂದು ಕೊಕ್ಕಿನ ತುದಿಗೆ ಒಂದೊಂದೇ ಹನಿ ತಾಗಿಸಿದಳು. ಕುಡಿಸುವ ಆ ನೀರಿಗೆ ಚಿಟಿಕೆ ಉಪ್ಪು, ಚೂರು ಬೆಲ್ಲ ಹಾಕಿದ್ದಳು.

ಒಂದು ಸಲ ಬೂದಿಯ ಕತ್ತು ವಾಲಿತು.

"ಹೋಗಬ್ಯಾಡ ನನ್ನವ್ವಾ, ನೀನಾದ್ರೂ ಹೋಗಬ್ಯಾಡ" ಎಂದಳು ಹಂಪವ್ವ.

ಹೊತ್ತು ಇಳಿಯುವಾಗ ಬೂದಿ ಕಣ್ಣು ಬಿಟ್ಟಳು. ತಾನೇ ನೀರಿಗೆ ಕೊಕ್ಕು ಅದ್ದಿ ಕುಡಿದಳು.

"ಬೂದಿ, ಆ ಮೂರೂ ಮಂದಿ ಇದನ್ನ ಹೇಳಿದ್ರೇನ?" ಎಂದು ಹಂಪವ್ವ ಕೇಳಿದಳು.

ಬೂದಿ ಅವಳ ಮುಖವನ್ನೇ ನೋಡಿದಳು. ಹೌದು ಎನ್ನಲೂ ಮಾತಿಲ್ಲ, ಹೋಗಲಿ ಬಿಡು ಎನ್ನಲೂ ಮಾತಿಲ್ಲ. ಹಂಪವ್ವ ಬದುಕಿರುವವರೆಗೂ ಕೇಳುತ್ತಲೇ ಇದ್ದಳು.

ನಮ್ಮ ಅಂಗಳದ ಕೋಳಿಗಳೆಲ್ಲ ಆ ಬೂದಿಯ ವಂಶ. ಅದಕ್ಕೇ ಇವತ್ತಿಗೂ ಬೇಸಿಗೆಯ ಮಧ್ಯಾಹ್ನ ಕೋಳಿ ರೆಕ್ಕೆ ಅಗಲಿಸಿ, ಬಾಯಿ ತೆರೆದು, ಒಂದು ಮಾತೂ ಇಲ್ಲದೆ ನಿನ್ನ ಮುಂದೆ ನಿಲ್ಲುತ್ತದೆ. ಏನೆಂದು ಕೇಳುತ್ತ ನಿಲ್ಲಬೇಡ, ನೀರು ತಗೊಂಡು ಓಡು.