ಕಾಗೆರಾಯನ ಹೋಟೆಲಿನ ಬೋರ್ಡು

ಹುಣಸೆಮರದಡಿಯ ಕಾಗೆರಾಯನ ಹೋಟೆಲಿಗೆ ಅಳಿಲಮ್ಮ ಮರಿಯನ್ನು ಕರೆದುಕೊಂಡು ಬಂದಳು. ಬಾಗಿಲಲ್ಲೇ ಬೋರ್ಡಿತ್ತು: "ಹೊರಗಿನ ತಿಂಡಿ ತರಬಾರದು. ನಮ್ಮಲ್ಲಿ ಥೇಟ್ ಮನೆಯ ರುಚಿ."

"ಮರಿಗೆ ಹೊಟ್ಟೆ ಸರಿಯಿಲ್ಲ ಸ್ವಾಮಿ, ಅದಕ್ಕೆಂದು ಒಂದು ತುಂಡು ಬಾಳೆಹಣ್ಣು ತಂದಿದ್ದೇನೆ. ನನಗೆ ನಿಮ್ಮ ವಡೆಯನ್ನೇ ಕೊಡಿ," ಎಂದಳು.

"ಇದು ಮರ್ಯಾದಸ್ಥರು ಬರುವ ಜಾಗ ತಾಯಿ!" ಎಂದು ಕಾಗೆರಾಯ ಹಣ್ಣನ್ನು ಕಿತ್ತುಕೊಂಡು ಒಳಗಿಟ್ಟ.

ವಡೆ ಬಂತು. ಅದಕ್ಕೆ ಎಳ್ಳು, ದರ್ಭೆಯ ಚೂರು ಅಂಟಿಕೊಂಡಿದ್ದವು.

"ಇದು ಯಾರದೋ ಮನೆಯ ತಿಥಿಯ ವಡೆಯಲ್ಲವೇ? ಇದೂ ಹೊರಗಿನದೇ ಆಯಿತಲ್ಲ?"

ಕಾಗೆರಾಯನಿಗೆ ಮೈಯೆಲ್ಲ ಉರಿಯಿತು. "ಏನು ಮಾತಮ್ಮ ಇದು! ನಾನು ಯಾವಾಗ ಮುಟ್ಟುತ್ತೇನೋ ಎಂದು ಮನೆಮಂದಿಯೆಲ್ಲ ಹಸಿದುಕೊಂಡು ಕಾಯುತ್ತಾರೆ. ನಾನು ಕೊಕ್ಕಿಟ್ಟ ಮೇಲೆ ಅದು ನಮ್ಮ ಹೋಟೆಲಿನದೇ!"

ಅಷ್ಟರಲ್ಲಿ ಮರಿ ಹಸಿವೆಯಿಂದ ಅಳತೊಡಗಿತು. ಅಳಿಲಮ್ಮ ಸೋತು, "ಮೆತ್ತಗಿನದು ಏನಾದರೂ ಇದೆಯೇ?" ಎಂದು ಕೇಳಿದಳು.

"ಯಾಕಿಲ್ಲ? ಇವತ್ತಿನ ಸ್ಪೆಷಲ್ಲೇ ಅದು!" ಎಂದು ಕಾಗೆರಾಯ ಒಳಗೆ ಹೋಗಿ, ಅದೇ ಬಾಳೆಹಣ್ಣನ್ನು ಎಲೆಯ ಮೇಲಿಟ್ಟು ತಂದ. ಅದರ ಒಂದು ಬದಿಯಲ್ಲಿ ಕೊಕ್ಕಿನ ತೂತಿತ್ತು.

ಅಳಿಲಮ್ಮ ಮರಿಗೆ ತಿನ್ನಿಸಿ, ಉಳಿದ ಚೂರನ್ನು ಬಾಯಿಗೆ ಹಾಕಿಕೊಂಡು ಬೋರ್ಡಿನತ್ತ ನೋಡಿದಳು.

"ಸುಳ್ಳು ಹೇಳಬಾರದು ಸ್ವಾಮಿ," ಎಂದಳು, "ಥೇಟ್ ನಮ್ಮ ಮನೆಯ ರುಚಿಯೇ!"