ಸಾಕು ಎಂದ ಸೊಸೆ

"ಅಜ್ಜಾ, ನನ್ನದು ಅನ್ನುವುದು ನನ್ನಲ್ಲಿ ಏನಿದೆ?" ಎಂದು ಅಡವೀಶ ಕೇಳಿದ.

ಮಠದ ಗುರುಗಳನ್ನು ಸುತ್ತಲಿನ ಊರುಗಳಲ್ಲಿ ಎಲ್ಲರೂ ಅಜ್ಜ ಎಂದೇ ಕರೆಯುತ್ತಿದ್ದರು. ಅಡವೀಶ ಮನೆ ಬಿಟ್ಟು ಅವರ ಬಳಿ ಬಂದು ಸೇರಿದ್ದ ತರುಣ. ಆ ದಿನ ಬಟ್ಟೆಯ ಗಂಟು ಕಟ್ಟಿಕೊಂಡೇ ಅವರ ಮುಂದೆ ಬಂದಿದ್ದ. ಮಠವನ್ನೂ ಬಿಟ್ಟು, ಯಾರ ಮುಖವೂ ಕಾಣದ ಕಾಡಿಗೆ ಹೋಗಿ ಒಬ್ಬನೇ ಇರಬೇಕೆಂದು ಅವನು ನಿಶ್ಚಯಿಸಿದ್ದ.

"ಮಾತು ನನ್ನ ತಾಯಿ ಕಲಿಸಿದ್ದು. ನಾಚಿಕೆ ಊರು ಕಲಿಸಿದ್ದು. ಯಾರಿಗೆ ಕೈ ಮುಗಿಯಬೇಕು, ಯಾವುದಕ್ಕೆ ಅಳಬೇಕು, ಅದೂ ಮನೆಯವರು ಕಲಿಸಿದ್ದು. ಇವನ್ನೆಲ್ಲ ಕಳಚಿಹಾಕಿದರೆ ಒಳಗೆ ನಿಜವಾದ ನಾನು ಸಿಗಬೇಕಲ್ಲ? ಹಸಿವೊಂದನ್ನು ಮಾತ್ರ ಯಾರೂ ಕಲಿಸಲಿಲ್ಲ. ಅಲ್ಲಿಂದಲೇ ಹುಡುಕುತ್ತೇನೆ. ಅಪ್ಪಣೆ ಕೊಡಿ."

ಅಜ್ಜ ನಕ್ಕರು. "ಹೋಗುವವನನ್ನು ಕಟ್ಟಿಹಾಕಲು ನನ್ನ ಹತ್ತಿರ ಹಗ್ಗವಿಲ್ಲ. ಆದರೆ ಹಸಿವಿನ ಮಾತು ತೆಗೆದೆಯಲ್ಲ, ಒಂದು ಕತೆ ಕೇಳಿಯೇ ಹೋಗು. ಗಂಟು ಕೆಳಗಿಡಪ್ಪ, ಅದನ್ನು ಇಲ್ಲಿ ಯಾರೂ ಕದಿಯುವುದಿಲ್ಲ."

ಅಡವೀಶ ಗಂಟು ಇಳಿಸಿ ಕುಳಿತ. ಅಜ್ಜ ಹೇಳತೊಡಗಿದರು.

ಹೊಳೆಯ ದಂಡೆಯ ಊರಿನಲ್ಲಿ ಒಬ್ಬ ರೈತನಿದ್ದ. ಅವನ ಮಗಳು ಹೊನ್ನವ್ವ. ಆ ಊರಿನಲ್ಲಿ ಒಂದು ಪದ್ಧತಿ. ಉಣ್ಣುವವರು ಬೇಡ ಎನ್ನಬೇಕು, ಬಡಿಸುವವರು ಬಿಡಬಾರದು. ತಾಟಿನ ಮೇಲೆ ಕೈ ಅಡ್ಡ ಹಿಡಿದರೆ ಬೆರಳ ಸಂದಿಯಿಂದಲಾದರೂ ಒಂದು ರೊಟ್ಟಿ ಜಾರಿಸಬೇಕು. "ನನ್ನಾಣೆ, ಇದೊಂದೇ ಒಂದು" ಎಂದು ಎರಡು ಹಾಕಬೇಕು. ಅಲ್ಲಿ ಪ್ರೀತಿ ತೋರಿಸುವ ದಾರಿ ಅದೇ. ಯಾರಾದರೂ ತಾವಾಗಿ ಕೇಳಿ ಹಾಕಿಸಿಕೊಂಡರೆ, "ಅಯ್ಯೋ ಪಾಪ, ಇವರಿಗೆ ಹೇಳುವವರು ಕೇಳುವವರು ಯಾರೂ ಇಲ್ಲವೇನೋ" ಎಂದು ಊರೆಲ್ಲ ಮರುಗುತ್ತಿತ್ತು. ಹೊನ್ನವ್ವ ಹುಟ್ಟಿದಾಗಿನಿಂದ ಒಂದು ತುತ್ತನ್ನೂ ಬಾಯಿಬಿಟ್ಟು ಕೇಳಿದವಳಲ್ಲ. ಕೇಳುವ ಪ್ರಸಂಗವೇ ಬಂದಿರಲಿಲ್ಲ.

ಅವಳನ್ನು ಕುರಿ ಕಾಯುವವರ ಮನೆಗೆ ಕೊಟ್ಟರು. ಕುಲ ಒಂದೇ, ದೇವರೂ ಒಂದೇ. ಆದರೆ ಅವರದು ಹಿಂಡಿನ ಹಿಂದೆ ತಿರುಗುವ ಬದುಕು. ಇಂದು ಈ ಬಯಲು, ನಾಳೆ ಆ ಗುಡ್ಡ. ಅವರಲ್ಲಿ ತೋಳ ಬಂತು ಎಂದರೆ ಬಂತು, ಹಳ್ಳದಲ್ಲಿ ನೀರಿಲ್ಲ ಎಂದರೆ ಇಲ್ಲ. ಹೇಳಿದವರನ್ನು "ಖರೇನಾ?" ಎಂದು ಮರಳಿ ಕೇಳಿದರೆ ಬೈದದ್ದಕ್ಕಿಂತ ಕಡೆ. ಊಟದಲ್ಲೂ ಅಷ್ಟೇ. ರೊಟ್ಟಿಯ ಬುಟ್ಟಿ ನಡುವೆ ಇರುತ್ತಿತ್ತು. ಬೇಕಾದವರು ಕೈ ಹಾಕಿ ತೆಗೆದುಕೊಳ್ಳುತ್ತಿದ್ದರು. ಸಾಕು ಅಂದವರಿಗೆ ಯಾರೂ ಮರಳಿ ಹಾಕುತ್ತಿರಲಿಲ್ಲ.

ಮೊದಲ ದಿನ ಅತ್ತೆ ಮಾಳವ್ವ ಸೊಸೆಯ ತಾಟಿಗೆ ಒಂದು ರೊಟ್ಟಿ ಹಾಕಿ, "ಇನ್ನೊಂದು ಹಾಕಲೇನವ್ವಾ?" ಎಂದಳು. ಹೊನ್ನವ್ವ ತಲೆ ತಗ್ಗಿಸಿ, "ಸಾಕು ಅತ್ತೆ" ಎಂದಳು. ಮಾಳವ್ವ "ಆಯ್ತು" ಎಂದು ರೊಟ್ಟಿಯನ್ನು ಬುಟ್ಟಿಗೆ ಹಾಕಿದಳು.

ಹೊನ್ನವ್ವ ಇನ್ನೊಮ್ಮೆ ಒತ್ತಾಯಿಸಿಯಾಳೆಂದು ಕಾದಳು. ಅತ್ತೆಗೆ ಕೆಲಸದ ಗಡಿಬಿಡಿಯಲ್ಲಿ ಮರೆತಿರಬೇಕು ಎಂದುಕೊಂಡಳು. ಮರುದಿನವೂ ಅದೇ ಆಯಿತು, ಅದರ ಮರುದಿನವೂ. ಗಂಡ ಲಕ್ಕಪ್ಪ ಎದುರಿಗೇ ಕುಳಿತು ಬುಟ್ಟಿಗೆ ಕೈ ಹಾಕಿ ಗಡದ್ದಾಗಿ ಉಣ್ಣುತ್ತಿದ್ದ. ಅವಳನ್ನು ನೋಡಿ ನಗುತ್ತಲೂ ಇದ್ದ. ಆದರೆ ಒಮ್ಮೆಯಾದರೂ "ತಿನ್ನೇ" ಅನ್ನಲಿಲ್ಲ. ಆಡು ಈದಾಗ ಅತ್ತೆ ಗಿಣ್ಣ ಕಾಸಿ ತಂದಳು. ಗಿಣ್ಣ ಎಂದರೆ ಹೊನ್ನವ್ವನಿಗೆ ಪ್ರಾಣ. ಬಾಯಲ್ಲಿ ನೀರೂರುತ್ತಿದ್ದರೂ "ನನಗೆ ಬೇಡ" ಎಂದಳು. ಅವಳ ಕಣ್ಣೆದುರೇ ಆ ಬಟ್ಟಲು ಮೈದುನನ ಕೈಗೆ ಹೋಯಿತು. ಪಾಪಿ, ತಳ ಬಿಡದೆ ಬಳಿದು ತಿಂದ!

ಹಸಿವನ್ನು ಹೊನ್ನವ್ವ ಹೇಗೋ ತಡೆದುಕೊಂಡಾಳು. ಆದರೆ ಇಷ್ಟು ಜನರ ನಡುವೆ ತಾನು ಯಾರಿಗೂ ಬೇಡವಾದೆನಲ್ಲ ಎಂಬ ಸಂಕಟ ತಡೆಯಲಾರದಾಯಿತು. ಕಂಬಳಿಯಲ್ಲಿ ಮುಖ ಮುಚ್ಚಿಕೊಂಡು ಅಳುತ್ತಿದ್ದಳು. ಉಣ್ಣುವಾಗ ಬುಟ್ಟಿ ಅವಳ ಮೊಣಕಾಲಿಗೆ ತಾಗುವಷ್ಟು ಹತ್ತಿರವಿರುತ್ತಿತ್ತು. ಕೈ ಚಾಚಿದ್ದರೆ ಮುಗಿಯುತ್ತಿತ್ತು. ಆ ಕೈ ಏಳಲಿಲ್ಲ. ಅವಳು ಬೆಳೆದ ಊರಿನಲ್ಲಿ ಹೆಣ್ಣುಮಗಳು ತಾನಾಗಿ ಬುಟ್ಟಿಗೆ ಕೈ ಹಾಕುವುದೆಂದರೆ ಕಳ್ಳತನಕ್ಕೆ ಸಮ.

ಹೀಗೇ ಸೊರಗಿ ಸೊರಗಿ ಕಡ್ಡಿಯಾದಳು. ಒಂದು ದಿನ ನೀರು ಹೊತ್ತು ತರುವಾಗ ಕೊಡದ ಸಮೇತ ಕುಸಿದುಬಿದ್ದಳು. ಮಾಳವ್ವ ಓಡಿಬಂದು ಅವಳನ್ನು ತೊಡೆಯ ಮೇಲೆ ಮಲಗಿಸಿಕೊಂಡಳು. ಬೆನ್ನು ಸವರಿದರೆ ಕೈಗೆ ಎಲುಬೇ ಸಿಕ್ಕಿತು.

"ನಮ್ಮ ಅನ್ನ ನಿನಗೆ ಒಗ್ಗಲಿಲ್ಲ, ನನ್ನವ್ವಾ. ಏನು ಮಾಡಿ ತಂದರೂ ಬೇಡ ಅಂದೆ. ನಾಳೆ ಲಕ್ಕಪ್ಪ ನಿನ್ನನ್ನು ತವರಿಗೆ ಬಿಟ್ಟು ಬರಲಿ. ಮರಳಿ ಬಾ ಎಂದು ನಾವು ಕರೆಯುವುದಿಲ್ಲ. ನೀನು ಬದುಕಿ ಉಳಿ, ಅಷ್ಟೇ ಸಾಕು."

ಲಕ್ಕಪ್ಪ ಮುಖ ತಿರುಗಿಸಿ ಕಣ್ಣೊರೆಸಿಕೊಂಡದ್ದನ್ನು ಹೊನ್ನವ್ವ ಕಂಡಳು. ಇವರಿಗೆ ತಾನು ಬೇಕು! ಮತ್ತೇಕೆ ಹೀಗೆ ಮಾಡಿದರು? ಇಷ್ಟು ದಿನ ಒಳಗೇ ತಡೆದಿಟ್ಟಿದ್ದ ಮಾತು ಹೊರಗೆ ಬಂದುಬಿಟ್ಟಿತು.

"ನನಗೆ ಹಸಿವು ಅತ್ತೆ! ಬಂದ ದಿನದಿಂದಲೂ ಹಸಿವು!"

"ಮತ್ತೆ ಸಾಕು ಸಾಕು ಅಂದೆಯಲ್ಲೇ?"

"ಅಂದೆ. ನೀವು ಒಂದು ಸಲವಾದರೂ ಒತ್ತಾಯ ಮಾಡಬಾರದಿತ್ತೇ?"

ಮಾಳವ್ವ ದಂಗಾದಳು. "ಒತ್ತಾಯ ಮಾಡಿದರೆ ನನ್ನ ಸೊಸೆಯ ಮಾತು ಸುಳ್ಳು ಅಂದಹಾಗಾಗುತ್ತಿತ್ತಲ್ಲೇ! ಅಷ್ಟು ಹಗುರವಾಗಿ ನಿನ್ನನ್ನು ಹೇಗೆ ಕಾಣಲಿ?"

ಇಬ್ಬರೂ ಒಬ್ಬರನ್ನೊಬ್ಬರು ತಬ್ಬಿಕೊಂಡು ಅತ್ತರು. ಆಮೇಲೆ ಮಾಳವ್ವ ಬುಟ್ಟಿ ತರಿಸಿ, ಸೊಸೆಯ ಕೈ ಹಿಡಿದು ಅದರೊಳಗೆ ಇಟ್ಟಳು. ಹೊನ್ನವ್ವ ಒಂದು ರೊಟ್ಟಿ ತೆಗೆದಳು, ಯಾರೂ ಏನೂ ಅನ್ನಲಿಲ್ಲ. ಇನ್ನೊಂದು ತೆಗೆದಳು. ತವರಿಗೆ ಕಳಿಸುವ ಮಾತು ಅಲ್ಲಿಗೇ ನಿಂತಿತು.

ವರ್ಷಗಳು ಕಳೆದವು. ಹೊನ್ನವ್ವ ಕಂಕುಳಲ್ಲಿ ಕೂಸು ಹೊತ್ತುಕೊಂಡು ತವರಿಗೆ ಬಂದಳು. ತಾಯಿಯ ಸಂಭ್ರಮ ಕೇಳಬೇಡ. ಮಗಳನ್ನು ಕೂರಿಸಿ ಬಡಿಸಿದ್ದೇ ಬಡಿಸಿದ್ದು. ಹೊನ್ನವ್ವ ಹೊಟ್ಟೆ ತುಂಬ ಉಂಡು "ಸಾಕವ್ವಾ" ಎಂದಳು. ತಾಯಿ ಒಂದು ರೊಟ್ಟಿ ಹಾಕಿದಳು. "ಸಾಕು" ಎಂದಳು. ತಾಯಿ "ನನ್ನಾಣೆ" ಎಂದು ಮತ್ತೊಂದು ಹಾಕಲು ಹೋದಳು. ಹೊನ್ನವ್ವನ ನೆತ್ತಿಗೆ ಸಿಟ್ಟು ಏರಿತು.

"ಸಾಕು ಅಂದೆನಲ್ಲವ್ವಾ! ನನ್ನ ಮಾತಿಗೆ ಈ ಮನೆಯಲ್ಲಿ ಕಿಮ್ಮತ್ತೇ ಇಲ್ಲವೇ?"

ತಾಯಿಯ ಕೈ ಅಲ್ಲೇ ನಿಂತಿತು. ಅವಳು ರೊಟ್ಟಿಯನ್ನು ಬುಟ್ಟಿಗೆ ಹಾಕಿ, ಒಲೆಯ ಕಡೆ ತಿರುಗಿ ಸೆರಗನ್ನು ಕಣ್ಣಿಗೆ ಒತ್ತಿಕೊಂಡಳು. ಹೊನ್ನವ್ವನಿಗೆ ತನ್ನ ಬಾಯಿಂದ ಬಂದ ಮಾತು ಕೇಳಿ ತನಗೇ ಅಚ್ಚರಿಯಾಯಿತು. ಈ ಒತ್ತಾಯಕ್ಕಾಗಿಯೇ ಅಲ್ಲವೇ ತಾನು ಅಷ್ಟು ಅತ್ತದ್ದು? ಅಂದಿನ ಅಳು ನಾಟಕವಾಗಿರಲಿಲ್ಲ. ಇಂದಿನ ಸಿಟ್ಟೂ ನಾಟಕವಲ್ಲ. ತಾಯಿಯ ಬಾಗಿದ ಬೆನ್ನು ಅವಳ ಕಣ್ಣಿಗೆ ಬಿತ್ತು.

"ಅವ್ವಾ" ಎಂದು ಕರೆದಳು. ತಾಯಿ ತಿರುಗಿದಳು. ಹೊನ್ನವ್ವ ಎರಡೂ ಕೈಗಳನ್ನು ತಾಟಿನ ಮೇಲೆ ಅಡ್ಡ ಹಿಡಿದು, "ನನಗೆ ಬೇಡಪ್ಪ, ಒಂದು ಚೂರೂ ಬೇಡ" ಎಂದಳು. ತಾಯಿ ಕಣ್ಣೀರಿನಲ್ಲೇ ನಕ್ಕು, ಓಡಿಬಂದು ಬೆರಳ ಸಂದಿಯಿಂದ ರೊಟ್ಟಿ ಜಾರಿಸಿದಳು. ಹೊಟ್ಟೆಯಲ್ಲಿ ಜಾಗವಿರಲಿಲ್ಲ. ಆದರೂ ಹೊನ್ನವ್ವ ಅದನ್ನು ಸವಿಯುತ್ತ ಪೂರ್ತಿ ತಿಂದಳು.

ಅಜ್ಜ ಕತೆ ನಿಲ್ಲಿಸಿದರು. ಅಡವೀಶ ಕಾದ. ಅವರು ಮುಂದುವರಿಸುವ ಹಾಗೆ ಕಾಣಲಿಲ್ಲ.

"ಒತ್ತಾಯ ಮಾಡಲಿಲ್ಲವೆಂದು ಅತ್ತವಳು ಒಬ್ಬಳು, ಒತ್ತಾಯ ಮಾಡಿದರೆಂದು ಸಿಡುಕಿದವಳು ಇನ್ನೊಬ್ಬಳು. ಬೇಡ ಅನ್ನುತ್ತ ತಿಂದವಳು ಮತ್ತೊಬ್ಬಳು" ಎಂದ ಅಡವೀಶ. "ಇವರಲ್ಲಿ ನಿಜವಾದ ಹೊನ್ನವ್ವ ಯಾರು? ಅದನ್ನು ನೀವು ಹೇಳಲೇ ಇಲ್ಲವಲ್ಲ, ಅಜ್ಜಾ?"

ಅಜ್ಜ ಅವನನ್ನು ಅಕ್ಕರೆಯಿಂದ ನೋಡಿ ಕೇಳಿದರು:

"ನಿಜವಾದವಳು ಒಬ್ಬಳೇ ಇರಬೇಕೆಂದು ನಿನಗೆ ಕಲಿಸಿದವರು ಯಾರಪ್ಪ?"